ಬೆರಳು ಲೆಕ್ಕಕ್ಕಿಲ್ಲದ ಆಟ

ನಾನು ಮಾಡಿದ ಮೊದಲ ಆಟದಲ್ಲಿ ನಮ್ಮ ಸೂಪರ್‌ವೈಸರ್‌ನ ತಲೆ ಮೇಲೆ ತೆಂಗಿನಕಾಯಿ ಬೀಳುತ್ತಿತ್ತು. ಪರದೆ ಒತ್ತಿದರೆ ಮರದಿಂದ ಕಾಯಿ ಕಳಚಿಕೊಳ್ಳುವುದು, ಕೆಳಗೆ ಅವನು ಅತ್ತಿಂದಿತ್ತ ಓಡಾಡುವುದು, ತಗುಲಿದರೆ ಬುರುಡೆ ಎರಡು ಹೋಳಾಗಿ ಕೆಂಪು ಚೆಲ್ಲುವುದು, ಅಷ್ಟೇ ಆಟ. ಗುಬ್ಬಿಯ ತೋಟಗಳ ನಡುವೆ ಬೆಳೆದವಳು ನಾನು, ಕಾಯಿ ಬಿದ್ದ ತಲೆ ಹೇಗಿರುತ್ತದೆಂದು ಚಿಕ್ಕಂದಿನಲ್ಲೇ ಒಮ್ಮೆ ನೋಡಿದ್ದೆ. ಸದ್ದಿಗಾಗಿ ಬೇರೆಲ್ಲೂ ಹುಡುಕಲಿಲ್ಲ, ಅಡುಗೆಮನೆ ಕಟ್ಟೆಗೆ ಕಾಯಿ ಬಡಿದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಸರಿಯಾದ ಸದ್ದು ಬರುವಷ್ಟರಲ್ಲಿ ಮೂರು ಕಾಯಿ ಹೋದವು. ಆ ವಾರವೆಲ್ಲ ನನ್ನ ತಂಗಿ ಚಟ್ನಿ ಅರೆದಳು.

ನಾನು ಕಂಪ್ಯೂಟರ್ ಓದಿದವಳಲ್ಲ. ಎಸ್ಸೆಸ್ಸೆಲ್ಸಿ ಲೆಕ್ಕದಲ್ಲಿ ಒಮ್ಮೆ ಡುಮ್ಕಿ ಹೊಡೆದು ಎರಡನೇ ಸಲ ಹೇಗೋ ದಾಟಿದವಳು. ಹಿರೇಹಳ್ಳಿಯ ಒಂದು ಶೆಡ್ಡಿನಲ್ಲಿ ನಾನೂ ತಂಗಿಯೂ ಪವರ್ ಪ್ರೆಸ್ ನಡೆಸುತ್ತಿದ್ದೆವು. ಅವಳನ್ನು ಕುಣಿಗಲ್‌ಗೆ ಕೊಟ್ಟಿತ್ತು. ಸೋಮವಾರದಿಂದ ಶನಿವಾರದವರೆಗೆ ತುಮಕೂರಿನ ನನ್ನ ಬಾಡಿಗೆ ಮನೆಯಲ್ಲಿದ್ದು, ಶನಿವಾರ ಸಂಜೆ ಗಂಡನ ಮನೆಗೆ ಹೋಗುತ್ತಿದ್ದಳು. ನನಗೆ ಸಿಟ್ಟು ಜಾಸ್ತಿ. ಬಾಯಿಗಿಂತ ಮೊದಲು ಕೈ ಹೋಗುತ್ತದೆ. ಮದುವೆಯಾಗಿ ಹೋದ ಮನೆಯಲ್ಲೂ ಈ ಕೈಯಿಂದಲೇ ನಾನು ಉಳಿಯಲಿಲ್ಲ ಎಂದು ಜನ ಹೇಳುತ್ತಾರೆ. ಗಂಡನೇ ಮೊದಲು ಹೊಡೆದ ಎನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಆಟದ ಹುಚ್ಚು ಹಿಡಿದದ್ದು ಒಂದು ಬೈಗುಳದಿಂದ. ಒಂದು ಬೆಳಿಗ್ಗೆ ಬಸ್ಸು ತಡವಾಗಿ ನಾವಿಬ್ಬರೂ ಲೇಟಾಗಿ ಬಂದಾಗ ಸೂಪರ್‌ವೈಸರ್ ಎಲ್ಲರ ಮುಂದೆ ನಮ್ಮವ್ವನನ್ನು ಎಳೆದು ತಂದು ಬೈದ. ನನ್ನ ಕೈ ಮೇಲೆದ್ದಿತ್ತು. ತಂಗಿ ಮೊಣಕೈ ಹಿಡಿದು ಎಳೆದಳು. "ಬುಡಕ್ಕಾ, ಕೆಲ್ಸ ಹೋಯ್ತದೆ." ಸಂಜೆ ಬಸ್ಸಿನಲ್ಲಿ ಮೈಯೆಲ್ಲ ಉರಿಯುತ್ತಿತ್ತು. ಫೋನಿನಲ್ಲಿ ವಿಡಿಯೋ ನೋಡುತ್ತಿದ್ದಾಗ ನಡುವೆ ಒಂದು ಜಾಹೀರಾತು ಬಂತು: ಪ್ರೋಗ್ರಾಮಿಂಗ್ ಬರದಿದ್ದರೂ ನಿಮ್ಮ ಆಟ ನೀವೇ ಮಾಡಿ. ಮಾಡೇ ಬಿಡೋಣ ಅಂದುಕೊಂಡೆ, ಆಟದಲ್ಲಾದರೂ ಇವನ ತಲೆ ಒಡೆಯಬಹುದಲ್ಲ.

ಆ್ಯಪ್ ಪೂರ್ತಿ ಇಂಗ್ಲಿಷ್. ಬರೆಯುವುದೇನೂ ಇಲ್ಲ, ಬಣ್ಣಬಣ್ಣದ ಬಿಲ್ಲೆಗಳನ್ನು ಒಂದಕ್ಕೊಂದು ಸಿಕ್ಕಿಸಬೇಕು. ಹಳದಿ ಬಿಲ್ಲೆ ಅಂದರೆ ಶುರುವಾಗು, ನೀಲಿ ಅಂದರೆ ಜರುಗು, ಕಿತ್ತಳೆ ಅಂದರೆ ಹೀಗಾದರೆ ಹಾಗೆ ಮಾಡು. ಹಿಂದಿಯಲ್ಲಿ ಒಬ್ಬ ವಿಡಿಯೋ ಮಾಡಿ ಹೇಳಿಕೊಡುತ್ತಿದ್ದ, ಮಾತು ಅರ್ಧ ತಿಳಿಯುತ್ತಿರಲಿಲ್ಲ, ಅವನ ಬೆರಳು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ನನ್ನ ಬೆರಳೂ ಹೋಗುತ್ತಿತ್ತು. ಎಕ್ಸ್, ವೈ ಎಂಬ ಎರಡು ಅಕ್ಷರ ನನ್ನನ್ನು ಹದಿನೈದು ದಿನ ಸತಾಯಿಸಿದವು. ಕಾಯಿ ಮರದಲ್ಲಿ ನಿಲ್ಲದೆ ಪರದೆಯ ಮೂಲೆಗೆ ಹೋಗಿ ಕೂರುತ್ತಿತ್ತು. ಒಂದು ಭಾನುವಾರ ಬಾಗಿಲಿಗೆ ರಂಗೋಲಿ ಹಾಕುತ್ತಾ ಚುಕ್ಕಿ ಇಡುವಾಗ ತಟ್ಟನೆ ಹೊಳೆಯಿತು. ಅಯ್ಯೋ, ಇದು ಇಷ್ಟೇನಾ! ಅಡ್ಡಕ್ಕೆ ಎಷ್ಟನೇ ಚುಕ್ಕಿ, ಉದ್ದಕ್ಕೆ ಎಷ್ಟನೇ ಚುಕ್ಕಿ. ರಂಗೋಲಿ ಅರ್ಧಕ್ಕೆ ಬಿಟ್ಟು ಒಳಗೆ ಓಡಿದೆ. ಅವತ್ತೇ ಕಾಯಿ ಅವನ ನೆತ್ತಿಗೆ ಬಿತ್ತು. ತಂಗಿ ಬಿದ್ದು ಬಿದ್ದು ನಕ್ಕಳು, ಆಮೇಲೆ ಎಂಬತ್ತು ಸಲ ಅವನನ್ನು ಕೊಂದಳು.

ಸೂಪರ್‌ವೈಸರ್‌ನ ಆಟವನ್ನು ಹೊರಗೆ ತೋರಿಸುವ ಧೈರ್ಯ ಇರಲಿಲ್ಲ. ಎರಡನೆಯದು ಎಲ್ಲರೂ ಆಡುವಂಥದ್ದಾಗಲಿ ಅಂತ ನಮ್ಮ ಯಂತ್ರದ್ದೇ ಆಟ ಮಾಡಿದೆ.

ಪವರ್ ಪ್ರೆಸ್ ಅಂದರೆ ಆಳೆತ್ತರದ ಯಂತ್ರ. ಮೇಲಿನಿಂದ ಟನ್‌ಗಟ್ಟಲೆ ಭಾರ ಇಳಿದು ಕೆಳಗಿಟ್ಟ ತಗಡನ್ನು ಒಂದೇ ಏಟಿಗೆ ಕತ್ತರಿಸುತ್ತದೆ. ತಗಡಿಗೂ ಕೈಗೂ ಅದು ಭೇದ ಮಾಡುವುದಿಲ್ಲ. ಅದಕ್ಕೇ ಎಡಕ್ಕೊಂದು ಬಲಕ್ಕೊಂದು ಹಸಿರು ಬಟನ್ ಇಟ್ಟಿರುತ್ತಾರೆ. ಎರಡೂ ಕೈಯಿಂದ ಎರಡನ್ನೂ ಒಟ್ಟಿಗೆ ಒತ್ತಿದರಷ್ಟೇ ಏಟು ಬೀಳುತ್ತದೆ, ಆಗ ಕೈ ಒಳಗಿರಲು ಸಾಧ್ಯವಿಲ್ಲ. ಆದರೆ ಹಾಗೆ ಮಾಡುತ್ತಾ ಕೂತರೆ ಪೀಸ್ ಕಮ್ಮಿ ಬೀಳುತ್ತದೆ. ನಮ್ಮ ಶೆಡ್ಡಿನಲ್ಲಿ ಬಲಗಡೆ ಬಟನ್ನನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಸದಾ ಒತ್ತಿಕೊಂಡೇ ಇರುವಂತೆ ಮಾಡಿದ್ದರು. ಎಡಗೈಯಿಂದ ಏಟು ಹೊಡೆ, ಬಲಗೈಯಿಂದ ತಗಡು ಇಡು, ತೆಗೆ. ಟ್ಯೂಬ್ ಕತ್ತರಿಸಿ ತಂದು ಕಟ್ಟಿದವನು ಸೂಪರ್‌ವೈಸರೇ. "ಏನಾಗಲ್ಲ ಕಣ್ರಮ್ಮಾ, ಕಣ್ಣಿಟ್ಕೊಂಡ್ ಮಾಡಿ" ಅಂದಿದ್ದ.

ಫೋನುಗಳನ್ನು ಬೆಳಿಗ್ಗೆ ಗೇಟಿನ ಪೆಟ್ಟಿಗೆಯಲ್ಲಿ ಹಾಕಬೇಕು, ಊಟದ ಹೊತ್ತಿಗಷ್ಟೇ ಕೊಡುತ್ತಾರೆ. ಶೆಡ್ಡಿನೊಳಗೆ ಫೋನ್ ಬಿಡುವುದು ಆಯುಧಪೂಜೆಯ ದಿನ ಮಾತ್ರ. ಅವತ್ತು ಯಂತ್ರ ತೊಳೆದು, ವಿಭೂತಿ ಬಳಿದು, ಚೆಂಡು ಹೂವಿನ ಹಾರ ಹಾಕಿ, ಬೂದುಗುಂಬಳಕಾಯಿಗೆ ಕುಂಕುಮ ತುಂಬಿ ಒಡೆದರು. ಸೂಪರ್‌ವೈಸರ್ ಕುಂಕುಮದ ತಟ್ಟೆ ಹಿಡಿದು ಯಂತ್ರದ ಒಂದೊಂದು ಅಂಗಕ್ಕೂ ಬೊಟ್ಟಿಡುತ್ತಾ ಬಂದ. ಭಕ್ತಿ ಎಷ್ಟೆಂದರೆ, ಕಟ್ಟಿದ ಸೈಕಲ್ ಟ್ಯೂಬಿಗೂ ಮೂರು ಬೆರಳಿನ ವಿಭೂತಿ ಎಳೆದು ಬೊಟ್ಟಿಟ್ಟ. ನಾವೆಲ್ಲ ಕೈ ಮುಗಿದೆವು. ಯಾರಿಗೂ ಏನೂ ಅನ್ನಿಸಲಿಲ್ಲ. ಹಾರ ಹಾಕಿದ ಯಂತ್ರ ಚೆಂದ ಕಂಡಿತು ಅಂತ ಆ ಹೊತ್ತಿಗೇ ನಾನೊಂದು ಫೋಟೋ ತೆಗೆದೆ. ಅದನ್ನೇ ಆಟಕ್ಕೆ ಹಾಕಿದೆ, ಯಂತ್ರದ ನಡುಭಾಗವಷ್ಟೇ ಪರದೆಯಲ್ಲಿ ಕಾಣುವ ಹಾಗೆ.

ಕೈ ಬೇಕಿತ್ತು. ತಂಗಿಯ ಬಲಗೈಯನ್ನು ಬಿಳಿ ಟವೆಲಿನ ಮೇಲೆ ಇಡಿಸಿ ಫೋಟೋ ತೆಗೆದು, ಐದು ಬೆರಳಿನ ಸುತ್ತಲೂ ಉಗುರು ಸಹಿತ ಕತ್ತರಿಸಿಕೊಂಡೆ. "ನಂದೇ ಯಾಕೆ? ನಿನ್ ಕೈ ಇಲ್ವಾ?" ಅಂದಳು. "ನನ್ ಕೈ ಬರೀ ಹೊಡೆಯಾಕೆ ಕಣೇ, ನಿಂದು ಮುದ್ದಾಗದೆ" ಅಂದೆ. ಆಟ ಇಷ್ಟು: ಹೆಬ್ಬೆರಳಲ್ಲಿ ಕೈಯನ್ನು ಯಂತ್ರದೊಳಗೆ ಜಾರಿಸಿ ತಗಡು ಇಡಬೇಕು, ಏಟು ಬೀಳುವ ಮುಂಚೆ ಎಳೆದುಕೊಳ್ಳಬೇಕು. ಸಿಕ್ಕಿದರೆ ಕೈ ಚಪ್ಪಟೆ, ರಕ್ತ, ಆಟ ಖಲಾಸ್.

ಊಟದ ಹೊತ್ತಿಗೆ ಹೆಂಗಸರೆಲ್ಲ ಮುತ್ತಿಕೊಂಡರು, ಎರಡೇ ದಿನಕ್ಕೆ ರೇಗಿದರು. "ಏನಕ್ಕಾ ಇದು? ತಾಗೇ ಇಲ್ಲ, ಸಾಯಿಸ್ಬುಟ್ಯಲ್ಲ! ಮೋಸ ಕಣಕ್ಕಾ!" ಅವರು ಹೇಳಿದ್ದು ನಿಜ. ಆ್ಯಪಿಗೆ ಕೈ ಕಾಣುವುದಿಲ್ಲ, ಕೈಯ ಸುತ್ತ ಇರುವ ಒಂದು ಕೆಂಪು ಚೌಕ ಮಾತ್ರ ಕಾಣುತ್ತದೆ. ಯಂತ್ರ ಚೌಕದ ಖಾಲಿ ಮೂಲೆಗೆ ತಾಗಿದರೂ ಕೈ ಸತ್ತಿತು ಅನ್ನುತ್ತದೆ. ನಾನು ಚೌಕವನ್ನು ಎಳೆದು ಚಿಕ್ಕದು ಮಾಡಿದೆ. ಬೆರಳಿನ ಆಕಾರಕ್ಕೆ ಹೊಂದಿಸುವುದು ನನಗೆ ಬರಲಿಲ್ಲ. ಸಾಕಾಗಿ ಅಂಗೈ ಮೇಲೆ ಮಾತ್ರ ಚೌಕ ಬಿಟ್ಟು ಬೆರಳನ್ನೆಲ್ಲ ಹೊರಗಿಟ್ಟೆ. ಈಗ ಏಟು ಬೆರಳಿನ ಮೇಲೆ ಬಿದ್ದರೂ ಕೈ ಸಾಯುತ್ತಿರಲಿಲ್ಲ.

ಆಟ ಆಗ ಎಷ್ಟು ರುಚಿಯಾಯಿತು ಅಂದರೆ! ಯಂತ್ರ ಇಳಿಯುತ್ತದೆ, ಎದೆ ಝಲ್ ಅನ್ನುತ್ತದೆ, ಸಿಕ್ಕೇ ಬಿಟ್ಟಿತು ಅನ್ನುವಷ್ಟರಲ್ಲಿ ಕೈ ಹೊರಗೆ. ಕೂದಲೆಳೆಯಲ್ಲಿ ತಪ್ಪಿಸಿಕೊಂಡೆ ಅಂತ ಆಡುವವರು ಕುಣಿಯುತ್ತಿದ್ದರು. ತಪ್ಪಿಸಿಕೊಂಡಿರಲಿಲ್ಲ, ನಾನು ಬಿಟ್ಟುಕೊಟ್ಟಿದ್ದೆ. ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಕುಣಿತ ನಿಲ್ಲುತ್ತಿತ್ತು, "ಎಂಥ ಆಟ ಮಾಡಿದ್ಯಕ್ಕಾ" ಅನ್ನುವುದೂ ನಿಲ್ಲುತ್ತಿತ್ತು. ನನ್ನನ್ನು ಯಾರಾದರೂ ಹೊಗಳಿ ಎಷ್ಟು ವರ್ಷವಾಗಿತ್ತೋ.

ಎಲ್ಲರನ್ನೂ ಮೀರಿಸಿದವಳು ತಂಗಿ. ಬರಬರುತ್ತಾ ಅವಳ ಕೈ ಯಂತ್ರದ ಮೇಲೂ ಓಡತೊಡಗಿತು. "ಅಕ್ಕಾ, ನಂಗೆ ಅದರ ತಾಳ ಸಿಕ್ಬುಡ್ತು ಕಣೇ. ಎಲ್ಲೀಗಂಟ ಬಂದ್ಮೇಲೆ ಎಳ್ಕೋಬೇಕು ಅಂತ ಕೈಗೇ ಗೊತ್ತಾಯ್ತದೆ" ಅಂದಳು. ಬಲಗೈ ಹೊರಬರುವ ಮುಂಚೆಯೇ ಎಡಗೈ ಬಟನ್ ಒತ್ತಿರುತ್ತಿತ್ತು, ಮೊದಲಿಗಿಂತ ಬಹಳ ಪೀಸ್ ಹಾಕುತ್ತಿದ್ದಳು. ಸೂಪರ್‌ವೈಸರ್ ಅವಳ ಸಂಖ್ಯೆಯನ್ನು ಬೋರ್ಡಿನ ಮೇಲೆ ಬರೆದು, "ಇಷ್ಟ್ ಹಾಕ್ಬೇಕು ಎಲ್ರೂ. ಅವಳೇನ್ ಮೇಲಿಂದ ಇಳ್ದು ಬಂದವ್ಳಾ?" ಅಂದ. ನಾನು ಪಕ್ಕದ ಯಂತ್ರದಲ್ಲಿ ನಿಂತು ಹೆಮ್ಮೆಪಟ್ಟೆ. ಥೂ, ನನ್ನ ಹೆಮ್ಮೆಗಿಷ್ಟು ಬೆಂಕಿ ಹಾಕ.

ಅದು ಬೆಳಗಿನ ಚಹಾ ಬರುವ ಹೊತ್ತು. ಯಂತ್ರದ ಸದ್ದಿನಲ್ಲಿ ಏನೂ ವ್ಯತ್ಯಾಸ ಇರಲಿಲ್ಲ, ಎಲ್ಲ ಏಟಿನಂತೆ ಅದೂ ಒಂದು ಏಟು. ತಂಗಿ ಕಿರುಚಲೂ ಇಲ್ಲ. ಬಲಗೈಯನ್ನು ಮುಖದ ಮುಂದೆ ಹಿಡಿದುಕೊಂಡು, ಅದು ಯಾರದ್ದೋ ಎಂಬಂತೆ ನೋಡುತ್ತಾ ನಿಂತಿದ್ದಳು. ತೋರುಬೆರಳು ಇರಲಿಲ್ಲ, ನಡುಬೆರಳು ಇರಲಿಲ್ಲ. ಒಂದು ಕ್ಷಣ ಅಲ್ಲಿ ಬೆಳ್ಳಗೆ ಕಂಡಿತು. ಆಮೇಲೆ ರಕ್ತ ಚಿಮ್ಮಿ ನನ್ನ ಕೆನ್ನೆಗೆ ಬಿಸಿಯಾಗಿ ಬಡಿಯಿತು. ಆಗ ಕಿರುಚಿದಳು, "ಅಕ್ಕಾ" ಅಂತ.

ಸೂಪರ್‌ವೈಸರ್ ಓಡಿಬಂದ. ಅವಳ ಹತ್ತಿರ ಬರುತ್ತಾನೆ ಅಂದುಕೊಂಡೆ. ಅವನು ಯಂತ್ರದ ಹತ್ತಿರ ಹೋಗಿ, ಜೇಬಿನಿಂದ ಬ್ಲೇಡ್ ತೆಗೆದು ಟ್ಯೂಬ್ ಕತ್ತರಿಸಿ ಕಿಸೆಗೆ ತುರುಕಿಕೊಂಡ. ಆಮೇಲೆ "ಗಾಡಿ ತರ್ಸ್ರೋ" ಅಂತ ಕೂಗಿದ. ನಾನು ಅದನ್ನು ಕಣ್ಣಾರೆ ಕಂಡೆ. ನನ್ನ ಸೆರಗು ಹರಿದು ಅವಳ ಕೈಗೆ ಸುತ್ತಿ, ಊಟದ ಡಬ್ಬಿಯ ಅನ್ನ ನೆಲಕ್ಕೆ ಸುರಿದು, ಯಂತ್ರದೊಳಗೆ ಉಳಿದದ್ದನ್ನು ನಾನೇ ಬಳಿದು ಅದರಲ್ಲಿ ಹಾಕಿಕೊಂಡೆ. ಗೂಡ್ಸ್ ಆಟೋದಲ್ಲಿ ತುಮಕೂರಿನವರೆಗೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಆಸ್ಪತ್ರೆಯ ಡಾಕ್ಟರು ಡಬ್ಬಿ ತೆಗೆದು ನೋಡಿ, "ಇದ್ರಲ್ಲಿ ಜೋಡ್ಸೋಕೆ ಏನೂ ಉಳಿದಿಲ್ಲಮ್ಮ" ಅಂತ ಮುಚ್ಚಳ ಹಾಕಿದರು.

ಮೂರನೆಯ ದಿನ ಶೆಡ್ಡಿಗೆ ಹೋದೆ. ಹೊಡೆಯಬೇಕು ಅಂತ ಹೋದದ್ದಲ್ಲ, ಆಣೆಗೂ ಅಲ್ಲ. ಗೇಟಿನಲ್ಲಿ ಸೂಪರ್‌ವೈಸರ್ ಯಾರಿಗೋ ಹೇಳುತ್ತಿದ್ದ, "ಮೊಬೈಲ್‌ನಲ್ಲಿ ಆಟ ಆಡ್ತಾ ಕೂತಿದ್ಲು ಸಾರ್. ಟ್ಯೂಬ್ ಅವಳೇ ಕಟ್ಕೊಂಡಿರದು. ನಮಗ್ ಗೊತ್ತೇ ಇಲ್ಲ." ಮುಂದಿನದು ಯಾವ ಕ್ರಮದಲ್ಲಿ ಆಯಿತೋ ನೆನಪಿಲ್ಲ. ಟಿಫನ್ ಕ್ಯಾರಿಯರ್ ನನ್ನ ಕೈಯಲ್ಲಿತ್ತು, ಅದರಲ್ಲೇ ಬಾಯಿಗೆ ಬಿಟ್ಟೆ. ಹಲ್ಲು ಮುರಿದ ಸದ್ದು ಕೇಳಿಸಿತು. ಬಿದ್ದವನ ಎದೆ ಮೇಲೆ ಕೂತು ಇನ್ನೂ ಮೂರು ನಾಲ್ಕು ಬಾರಿಸಿದೆ. "ಯಾರ್ಲಾ ಕಟ್ಟಿದ್ದು? ಹೇಳ್ಲಾ, ಯಾರ್ ಕಟ್ಟಿದ್ದು?" ಅವನ ರಕ್ತ ನನ್ನ ಮುಂಗೈವರೆಗೂ ಹರಿಯಿತು, ಅದು ನನಗೆ ಹಿತವಾಗಿತ್ತು. ನಾಲ್ಕು ಜನ ಸೇರಿ ನನ್ನನ್ನು ಎಳೆದು ರಸ್ತೆಗೆ ಎಸೆದರು.

ಸಂಜೆ ಮಾಲೀಕನ ಕಡೆಯವನೊಬ್ಬ ಆಸ್ಪತ್ರೆಗೆ ಬಂದು ಮೆತ್ತಗೆ ಹೇಳಿದ. ತಂಗಿ ತಾನೇ ಟ್ಯೂಬ್ ಕಟ್ಟಿಕೊಂಡೆ ಎಂದು ಒಪ್ಪಿ ಸಹಿ ಹಾಕಿದರೆ ಹಲ್ಲಿನ ಕೇಸು ಇಲ್ಲ, ಇಲ್ಲದಿದ್ದರೆ ನಾನು ಜೈಲು ನೋಡಬೇಕು. ಅಷ್ಟರಲ್ಲಿ ಅದೇ ಮಾತು ಕುಣಿಗಲ್‌ಗೂ ಮುಟ್ಟಿತ್ತು. ಅವಳ ಗಂಡ ಬಂದವನು ಕೈ ನೋಡುವ ಮೊದಲೇ ಕೇಳಿದ, "ನೀನೇ ಕಟ್ಕೊಂಡ್ಯಂತಲ್ಲ? ಆಟ ಆಡ್ತಿದ್ಯಂತಲ್ಲ? ಅವ್ವ ಕೇಳ್ತಾವ್ಳೆ." ತಂಗಿ ಗೋಡೆ ಕಡೆ ತಿರುಗಿ ಮಲಗಿದಳು. ಅವನು ಹೋದ ಮೇಲೆ ನನಗೆ ಹೇಳಿದಳು, "ಬೆರಳು ಹೋದ್ರೆ ಹೋಗ್ಲಕ್ಕಾ. ನಾನ್ ಕಟ್ಟಿದ್ದಲ್ಲ ಅಂತ ಒಬ್ರಾದ್ರೂ ಹೇಳ್ಬೇಕು. ಇಲ್ದಿದ್ರೆ ಆ ಮನೇಲಿ ಜೀವ ಇರೋಗಂಟ ಇದೇ ಮಾತು." ಅವಳು ಸಹಿ ಹಾಕಲಿಲ್ಲ. ನಾನೂ ಹಾಕಬೇಡ ಅಂದೆ.

ಅಪಘಾತದ ವಿಚಾರಣೆ ತುಮಕೂರಿನ ಕಚೇರಿಯಲ್ಲಿ. ಕಾರ್ಖಾನೆಗಳ ಇಲಾಖೆಯಿಂದ ಬಂದಿದ್ದ ಮೇಡಂ ಒಬ್ಬೊಬ್ಬರನ್ನೇ ಕರೆದು ಕೇಳಿದರು. ಸೂಪರ್‌ವೈಸರ್ ಮುರಿದ ಹಲ್ಲು ತೋರಿಸಿ ತನ್ನ ಕಥೆ ಹೇಳಿದ. ಶೆಡ್ಡಿನ ಹೆಂಗಸರು ನೆಲ ನೋಡುತ್ತಾ "ನಮಗ್ ಗೊತ್ತಿಲ್ಲ ಮೇಡಂ" ಅಂದರು. ಅವರಿಗೂ ಕೆಲಸ ಬೇಕಲ್ಲ. ಆದರೂ ಒಬ್ಬೊಬ್ಬಳಿಗೂ ಕಪಾಳಕ್ಕೆ ಕೊಡಬೇಕು ಅನ್ನಿಸಿತು. "ಟ್ಯೂಬ್ ಮೊದ್ಲಿಂದ್ಲೂ ಇತ್ತು ಅನ್ನೋಕೆ ನಿಮ್ಮತ್ರ ಏನಾದ್ರೂ ಇದ್ಯಾ?" ಅಂತ ಮೇಡಂ ನನ್ನನ್ನು ಕೇಳಿದರು.

ಇತ್ತು. ಆಯುಧಪೂಜೆಯ ಫೋಟೋ. ಫೋನಿನಲ್ಲಿ ಜಾಗ ಇಲ್ಲವೆಂದು ಗ್ಯಾಲರಿಯಿಂದ ಯಾವತ್ತೋ ಅಳಿಸಿದ್ದೆ, ಆದರೆ ಆ್ಯಪಿನೊಳಗೆ ಪೂರ್ತಿ ಫೋಟೋ ಹಾಗೇ ಉಳಿದಿತ್ತು. ತೋರಿಸಬೇಕೆಂದರೆ ಆಟವನ್ನು ಬಿಚ್ಚಬೇಕು. ಬಿಚ್ಚಿದರೆ ಯಂತ್ರದ ಮೇಲೆ ಅವಳ ಕೈ ಕಾಣುತ್ತದೆ, ಕೈ ಮೇಲೆ ಕೆಂಪು ಚೌಕ ಕಾಣುತ್ತದೆ. ತಂಗಿ ನನ್ನ ಪಕ್ಕದಲ್ಲೇ ಕೂತಿದ್ದಳು. ಅವಳ ಮಾನ ಉಳಿಯಬೇಕಾದರೆ ನಾನು ಅವಳ ಮುಂದೆ ಬತ್ತಲಾಗಬೇಕಿತ್ತು. ಫೋನ್ ತೆಗೆದೆ. ಆಟ ಬಿಚ್ಚಿ ಮೇಡಂ ಕೈಗೆ ಕೊಟ್ಟೆ.

ಮೇಡಂ ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ಹಾರ, ಬಾಳೆಕಂದು, ಬಿಗಿದ ಟ್ಯೂಬ್. ಟ್ಯೂಬಿನ ಮೇಲೆ ವಿಭೂತಿ, ಕುಂಕುಮದ ಬೊಟ್ಟು. ಬೊಟ್ಟಿನ ಮೇಲೆ ಇನ್ನೂ ಬೆರಳು, ಬೆರಳಿನ ಹಿಂದೆ ತಟ್ಟೆ ಹಿಡಿದ ಸೂಪರ್‌ವೈಸರ್‌ನ ಪೂರ್ತಿ ಮುಖ. "ಇದೇನ್ರೀ, ಪೂಜೆ ಬೇರೆ ಮಾಡಿದೀರಲ್ಲ?" ಅಂದರು. ಹೆಂಗಸರಲ್ಲಿ ಒಬ್ಬಳು ಮೆಲ್ಲಗೆ, "ಅವ್ರೇ ಕಟ್ಟಿದ್ದು ಮೇಡಂ. ಫೋನೂ ಪೆಟ್ಟಿಗೇಲೇ ಇತ್ತು" ಅಂದಳು. ಆಮೇಲೆ ಎಲ್ಲರೂ ಮಾತಾಡಿದರು. ತಂಗಿ ಜೋರಾಗಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಮೇಡಂ ಫೋನ್ ವಾಪಸು ಕೊಡುವವರು ಮತ್ತೆ ನೋಡಿದರು. "ಈ ಕೈ ಮೇಲೆ ಕೆಂಪು ಚೌಕ ಏನಮ್ಮಾ?"

ಸುಳ್ಳು ಹೇಳಬಹುದಿತ್ತು. ಆ್ಯಪಿನದು, ನಂಗೊತ್ತಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. "ಅದಕ್ಕೆ ತಾಗಿದ್ರೆ ಮಾತ್ರ ಕೈ ಸಾಯ್ತದೆ ಮೇಡಂ" ಅಂದೆ. "ಬೆರಳು ಹೊರಗಿದ್ಯಲ್ಲ?" ಅಂದರು. "ಬೆರಳು ಲೆಕ್ಕಕ್ಕಿಲ್ಲ. ಬೆರಳಿನ ಮೇಲೆ ಬಿದ್ರೂ ಏನೂ ಆಗದಂಗೆ ನಾನೇ ಮಾಡಿದ್ದೆ. ಆಡೋರಿಗೆ ಹೇಳಿರ್ಲಿಲ್ಲ." ಅವರು ಅದನ್ನೇನೂ ಬರೆದುಕೊಳ್ಳಲಿಲ್ಲ. ತಂಗಿ ಫೋನಿನ ಪರದೆಯನ್ನೇ ನೋಡುತ್ತಿದ್ದಳು.

ಬಸ್ ಸ್ಟ್ಯಾಂಡಿನವರೆಗೂ ಅವಳು ನನಗಿಂತ ಮುಂದೆ ನಡೆದಳು. ಕುಣಿಗಲ್ ಬಸ್ಸು ನಿಲ್ಲುವ ಕಡೆಗೆ ಹೊರಟಳು. ಅವತ್ತು ಮಂಗಳವಾರ, ಶನಿವಾರಕ್ಕೆ ಇನ್ನೂ ನಾಲ್ಕು ದಿನ. "ಮನೆಗ್ ಬರಲ್ವೇನೇ?" ಅಂದೆ. ಅವಳು ನಿಂತಳು.

"ಗೊತ್ತಿತ್ತಾ ನಿಂಗೆ? ನಾನ್ ತಪ್ಪಿಸ್ಕೊಂಡೆ ತಪ್ಪಿಸ್ಕೊಂಡೆ ಅಂತ ಕುಣೀತಿದ್ನಲ್ಲ, ಆವಾಗೆಲ್ಲ ಬೆರಳು ಸಿಕ್ಕಿತ್ತು ಅಂತ ಗೊತ್ತಿತ್ತಾ?"

"ಗೊತ್ತಿತ್ತು."

ಎಡಗೈಯಲ್ಲಿ ಬೀಸಿ ಹೊಡೆದಳು. ಅವಳು ನನ್ನ ಮೇಲೆ ಕೈ ಮಾಡಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಕಿವಿ ಗುಂಯ್ ಅಂದಿತು, ತುಟಿ ಹಲ್ಲಿಗೆ ತಾಗಿ ಒಡೆದು ಬಾಯಲ್ಲಿ ಉಪ್ಪುಪ್ಪಾಯಿತು. ಹೂ ಮಾರುವವಳೊಬ್ಬಳು ಎದ್ದು ನಿಂತು ನೋಡಿದಳು. ನಾನು ಕೆನ್ನೆ ಮುಟ್ಟಿಕೊಳ್ಳಲಿಲ್ಲ. "ಇನ್ನೊಂದ್ ಹೊಡಿ" ಅಂದೆ.

"ಬೇಡ" ಅಂದಳು. ಅಳುತ್ತಿದ್ದಳು, ಮಾತು ಮಾತ್ರ ಗಟ್ಟಿಯಾಗಿತ್ತು. "ಅವನ್ ಹಲ್ಲನ್ನ ನೀನ್ ಮುರಿದೆ, ತಂಗಿ ಸಲುವಾಗಿ ಅಂತ. ನಿನ್ ಹಲ್ಲು ಮುರಿಯೋರು ಯಾರಕ್ಕಾ ಇದ್ರು, ನನ್ ಬಿಟ್ರೆ?"

ಕಂಡಕ್ಟರ್ ಕುಣಿಗಲ್ ಕುಣಿಗಲ್ ಎಂದು ಕೂಗುತ್ತಿದ್ದ. ಅವಳು ಕಣ್ಣು ಒರೆಸಿಕೊಂಡು, ಎಡಗೈಯಲ್ಲಿ ಕಂಬಿ ಹಿಡಿದು ಹತ್ತಿದಳು. ಅವಳ ಬ್ಯಾಗು ನನ್ನ ಹೆಗಲಲ್ಲೇ ಉಳಿದಿತ್ತು. ಕಿಟಕಿಯಿಂದ ಕೊಟ್ಟೆ, ತೆಗೆದುಕೊಂಡಳು.